ಸೌಹಾರ್ದದ ಬೇರ್ಪಡೆ ಮತ್ತು ಕೌಟುಂಬಿಕ ಮಧ್ಯಸ್ಥಿಕೆ

(ಮುಂಬಯಿಯಲ್ಲಿ ಸಂಘದ ಉಪನ್ಯಾಸಮಾಲೆಯ ಅಂಗವಾಗಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಸಂಘದ ಈ ವೇದಿಕೆಯಲ್ಲಿ ಸಾಹಿತ್ಯದ ಮಾತು ನಡೆಯುತ್ತದೆ. ಗಡಿಯ ಪ್ರಶ್ನೆ ಬಂದಾಗ ಬಿಸಿಬಿಸಿಯಾದ ಚರ್ಚೆ ನಡೆಯುತ್ತದೆ. ಹೊರನಾಡಿನ ಕನ್ನಡ ಶಾಲೆಗಳ ಅಳಿವು-ಉಳಿವಿನ ಬಗ್ಗೆ ಠರಾವುಗಳಾಗುತ್ತವೆ. ಮದುವೆ ಮುರಿಯುವ ವಿಷಯವನ್ನು ಮಾತ್ರ ನಾವು ಇಲ್ಲಿಗೆ ತಂದದ್ದು ಕಡಿಮೆ. ಅದು ಅಮಂಗಳದ ಮಾತು, ನಾಲ್ಕು ಗೋಡೆಗಳ ಒಳಗೆ ಇರಬೇಕಾದ ಮಾತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ವಧೂವರರ ಸಮಾವೇಶ ನಡೆಸಿ, ಜಾತಕಗಳನ್ನು ವಿನಿಮಯ ಮಾಡಿಸಿ, ಸಂಬಂಧ ಕೂಡಿಸುವುದರಲ್ಲಿ ಅಭಿಮಾನ ಪಡುವ ನಮ್ಮಂಥ ಸಂಸ್ಥೆಗಳು, ಕೂಡಿದ ಸಂಬಂಧ ಉಳಿಯದೆ ಹೋದಾಗ ಮುಖ ತಿರುಗಿಸಿಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಾನು ನ್ಯಾಯವಾದಿಯಲ್ಲ. ಕೇಂದ್ರ ಸರ್ಕಾರದ ಸೇವೆಯಲ್ಲಿ ಇದ್ದು, ವರ್ಷಗಟ್ಟಲೆ ಸಿಬ್ಬಂದಿ ವಿಭಾಗದ ಕಡತಗಳನ್ನು ನೋಡಿದವನು. ಭವಿಷ್ಯನಿಧಿಯ ನಾಮನಿರ್ದೇಶನವನ್ನು ಬದಲಿಸಬೇಕೆಂಬ ಅರ್ಜಿ, ಸಂಬಳದ ಜಪ್ತಿಗಾಗಿ ಬಂದ ನ್ಯಾಯಾಲಯದ ಆದೇಶ, ಕುಟುಂಬದ ವಿವರದ ನಮೂನೆಯಲ್ಲಿ ಅಡ್ಡಗೆರೆ ಎಳೆದ ಒಂದು ಹೆಸರು - ಇವು ನಮ್ಮ ಕಚೇರಿಗಳಿಗೆ ಮುರಿದ ಸಂಸಾರಗಳು ಬರುವ ರೀತಿ. ಕಡತ ಮಾತನಾಡುವುದಿಲ್ಲ, ಆದರೆ ವರ್ಷಗಳ ಉದ್ದಕ್ಕೂ ಅದು ದಪ್ಪವಾಗುತ್ತ ಹೋಗುವುದನ್ನು ನೋಡಿದವನಿಗೆ, ಇಷ್ಟೆಲ್ಲ ಕಾಗದಕ್ಕೆ ಬದಲಾಗಿ ಇಬ್ಬರು ಒಂದು ಮೇಜಿನ ಎದುರು ಕುಳಿತಿದ್ದರೆ ಸಾಕಿತ್ತಲ್ಲ ಎನಿಸದೆ ಇರದು. ಹಾಗೆ ಕುಳ್ಳಿರಿಸುವ ವ್ಯವಸ್ಥೆಯೊಂದು ನಮ್ಮ ದೇಶದಲ್ಲಿ ಈಗ ಬೆಳೆದು ನಿಂತಿದೆ. ಅದಕ್ಕೆ ಕೌಟುಂಬಿಕ ಮಧ್ಯಸ್ಥಿಕೆ ಎಂದು ಹೆಸರು.

‘ಮಧ್ಯಸ್ಥಿಕೆ’ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಊರಿನ ಪಂಚಾಯ್ತಿಕಟ್ಟೆ. ಹಿರಿಯರು ಸೇರುವುದು, ಎರಡೂ ಕಡೆಯವರು ದೂರು ಹೇಳುವುದು, ಕೊನೆಗೆ ‘ಹೊಂದಿಕೊಂಡು ಹೋಗಮ್ಮಾ’ ಎಂದು ಹುಡುಗಿಗೂ ‘ಇನ್ನು ಮೇಲೆ ಸರಿಯಾಗಿ ನೋಡಿಕೊಳ್ಳಪ್ಪಾ’ ಎಂದು ಹುಡುಗನಿಗೂ ಬುದ್ಧಿ ಹೇಳಿ ಕಳಿಸುವುದು. ಇದರಲ್ಲಿ ಒಳ್ಳೆಯ ಉದ್ದೇಶವಿತ್ತು, ಅನೇಕ ಮನೆಗಳು ಉಳಿದದ್ದೂ ಉಂಟು. ಆದರೆ ಅಲ್ಲಿ ಹಿರಿಯರು ತೀರ್ಪು ಹೇಳುತ್ತಿದ್ದರು, ದಂಪತಿಗಳು ಕೇಳುತ್ತಿದ್ದರು. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಹಿರಿಯರ ಸಮಕ್ಷಮ ‘ಸೋಡಚೀಟಿ’ ಬರೆದುಕೊಟ್ಟು ಸಂಬಂಧ ಬಿಡಿಸುವ ಪದ್ಧತಿ ಇದ್ದುದನ್ನು ತಾವು ಬಲ್ಲಿರಿ. ಮರಾಠಿಯಲ್ಲಿಯೂ ‘ಸೋಡಚಿಠ್ಠಿ’ ಎಂಬ ಅದೇ ಮಾತಿದೆ. ಕರಾವಳಿಯ ಅಳಿಯಸಂತಾನದ ಸಮುದಾಯಗಳಲ್ಲಿಯೂ ರೂಢಿಯ ದಾರಿಗಳಿದ್ದವು. ಬೇರ್ಪಡೆ ಎಂಬುದು ನಮ್ಮ ಸಮಾಜಕ್ಕೆ ಪಶ್ಚಿಮದಿಂದ ಬಂದ ಪಿಡುಗು ಎಂದು ಹೇಳುವವರು ಇದನ್ನು ನೆನೆಯಬೇಕು. 1955ರ ಹಿಂದೂ ವಿವಾಹ ಅಧಿನಿಯಮ ಕೂಡ ತನ್ನ 29ನೆಯ ಕಲಮಿನಲ್ಲಿ ರೂಢಿಗತ ವಿಚ್ಛೇದನದ ಹಕ್ಕನ್ನು ಉಳಿಸಿಕೊಟ್ಟಿದೆ.

ಆಧುನಿಕ ಮಧ್ಯಸ್ಥಿಕೆ ಇದರಿಂದ ಭಿನ್ನವಾದುದು. ಮಧ್ಯಸ್ಥಗಾರನು ತೀರ್ಪು ಹೇಳುವುದಿಲ್ಲ, ಬುದ್ಧಿವಾದ ಹೇಳುವುದಿಲ್ಲ, ಯಾರದು ತಪ್ಪು ಎಂದು ತೂಗುವುದಿಲ್ಲ. ಇಬ್ಬರೂ ತಮ್ಮ ತಮ್ಮ ನಿರ್ಧಾರವನ್ನು ತಾವೇ ತೆಗೆದುಕೊಳ್ಳಲು ಬೇಕಾದ ನೆಮ್ಮದಿಯ ವಾತಾವರಣವನ್ನು ಒದಗಿಸುವುದಷ್ಟೇ ಅವನ ಕೆಲಸ. ಒಂದಾಗುವುದಾದರೆ ಒಂದಾಗಲಿ, ಬೇರೆಯಾಗುವುದೇ ಸರಿಯೆಂದು ಕಂಡರೆ, ಕಡಿದಾಡದೆ ಬೇರೆಯಾಗಲಿ. ಈ ಎರಡನೆಯ ಮಾತನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಮಧ್ಯಸ್ಥಿಕೆ ಸಫಲವಾಗುವುದೆಂದರೆ ದಂಪತಿಗಳು ಮತ್ತೆ ಕೂಡಿ ಬಾಳುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಗೌರವದಿಂದ ಬೇರೆಯಾದುದೂ ಸಫಲತೆಯೇ.

ವಿದೇಶಗಳಲ್ಲಿ ಈ ಪದ್ಧತಿಗೆ ರೂಪ ಬಂದದ್ದು 1970ರ ದಶಕದಲ್ಲಿ. ಅಮೆರಿಕದ ಅಟ್ಲಾಂಟಾದಲ್ಲಿ ಓ. ಜೆ. ಕೂಗ್ಲರ್ ಎಂಬ ವಕೀಲರು ಆ ದಶಕದ ಮಧ್ಯದಲ್ಲಿ ಕುಟುಂಬ ಮಧ್ಯಸ್ಥಿಕೆಯ ಕೇಂದ್ರವನ್ನು ಆರಂಭಿಸಿ, 1978ರಲ್ಲಿ ಅದರ ವಿಧಾನವನ್ನು ಕುರಿತು ಗ್ರಂಥವನ್ನೇ ಬರೆದರು. ಕ್ಯಾಲಿಫೋರ್ನಿಯಾ ರಾಜ್ಯವು 1981ರಲ್ಲಿ ಮಕ್ಕಳ ಪಾಲನೆಯ ವಿವಾದಗಳಿಗೆ ಮಧ್ಯಸ್ಥಿಕೆಯನ್ನು ಕಡ್ಡಾಯಗೊಳಿಸಿತು. ಇಂಗ್ಲೆಂಡಿನಲ್ಲಿ 2014ರಿಂದ, ಕೆಲವು ವಿನಾಯಿತಿಗಳ ಹೊರತು, ಮಧ್ಯಸ್ಥಿಕೆಯ ಮಾಹಿತಿ ಸಭೆಗೆ ಹೋಗದೆ ಕುಟುಂಬ ನ್ಯಾಯಾಲಯಕ್ಕೆ ಮಕ್ಕಳ ಅಥವಾ ಹಣಕಾಸಿನ ಅರ್ಜಿ ಹಾಕುವಂತಿಲ್ಲ.

ನಮ್ಮ ದೇಶದ ಬೆಳವಣಿಗೆಯೂ ಗಮನಾರ್ಹವಾದುದೇ. ಹಿಂದೂ ವಿವಾಹ ಅಧಿನಿಯಮ ಬಂದಾಗ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಅದರಲ್ಲಿ ಎಡೆ ಇರಲಿಲ್ಲ. ಒಬ್ಬರು ಇನ್ನೊಬ್ಬರ ಮೇಲೆ ಅಪವಾದ ಹೊರಿಸಿ ಸಾಬೀತು ಮಾಡಲೇಬೇಕಿತ್ತು. 1954ರ ವಿಶೇಷ ವಿವಾಹ ಅಧಿನಿಯಮದಲ್ಲಿ ಮಾತ್ರ 28ನೆಯ ಕಲಮಿನ ಮೂಲಕ ಆ ಅವಕಾಶವಿತ್ತು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಅಧಿನಿಯಮಕ್ಕೂ 13-ಬಿ ಕಲಮು ಸೇರಿತು. ಪಾರ್ಸಿಗಳ ಕಾನೂನಿನಲ್ಲಿ 1988ರಲ್ಲಿ, ಕ್ರೈಸ್ತರ ಕಾನೂನಿನಲ್ಲಿ 2001ರಲ್ಲಿ ಇಂಥದೇ ಅವಕಾಶ ಬಂತು. ಮುಸ್ಲಿಂ ಕಾನೂನಿನಲ್ಲಿ ‘ಮುಬಾರತ್’ ಎಂಬ ಪರಸ್ಪರ ಒಪ್ಪಿಗೆಯ ಬಿಡುಗಡೆ ಮೊದಲಿನಿಂದಲೂ ಇದೆ.

ಇನ್ನು ನ್ಯಾಯಾಲಯಗಳ ಮಾತು. 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 9ನೆಯ ಕಲಮು, ಪ್ರಕರಣ ಬಂದೊಡನೆ ಮೊದಲು ಇತ್ಯರ್ಥಕ್ಕೆ ಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವೆಂದೇ ವಿಧಿಸುತ್ತದೆ. ಇದೇ ಅಧಿನಿಯಮದ ಪ್ರಕಾರ ಅಲ್ಲಿ ವಕೀಲರ ಮೂಲಕವೇ ಹಾಜರಾಗುವುದು ಹಕ್ಕಲ್ಲ. ಪಕ್ಷಗಾರರು ತಾವೇ ಮಾತನಾಡಬೇಕೆಂಬುದು ಅದರ ಆಶಯ. ನಮ್ಮ ಬಾಂದ್ರಾದ ಕೌಟುಂಬಿಕ ನ್ಯಾಯಾಲಯಕ್ಕೆ ಹೋದವರಿಗೆ ಅಲ್ಲಿನ ವಿವಾಹ ಸಮಾಲೋಚಕರ ಕೊಠಡಿಗಳ ಪರಿಚಯವಿರುತ್ತದೆ. 2002ರ ಜುಲೈ 1ರಿಂದ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು ಮಧ್ಯಸ್ಥಿಕೆಗೆ ಒಂದು ಭದ್ರವಾದ ತಳಹದಿ ಒದಗಿಸಿತು. 2005ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆವರಣದಲ್ಲಿ, ಅನಂತರ ದೆಹಲಿಯಲ್ಲಿ, 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರಗಳು ತೆರೆದವು. 2013ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೆ. ಶ್ರೀನಿವಾಸ ರಾವ್ ಪ್ರಕರಣದ ತೀರ್ಪಿನಲ್ಲಿ, ಸಣ್ಣ ಸಂಗತಿಗಳಿಂದ ಹುಟ್ಟಿದ ವೈವಾಹಿಕ ವಿವಾದಗಳು ಬೆಳೆದು ವಿಷವಾಗುವ ಮೊದಲೇ ಮಧ್ಯಸ್ಥಿಕೆಗೆ ಹೋಗುವಂತಾಗಬೇಕೆಂದು ಕೆಳಗಿನ ನ್ಯಾಯಾಲಯಗಳಿಗೆ ನಿರ್ದೇಶನ ನೀಡಿತು. 2023ರಲ್ಲಿ ಸಂಸತ್ತು ಮಧ್ಯಸ್ಥಿಕೆ ಅಧಿನಿಯಮವನ್ನೇ ಅಂಗೀಕರಿಸಿತು; ಅದರ ಕೆಲವು ಕಲಮುಗಳನ್ನು ಅದೇ ವರ್ಷದ ಅಕ್ಟೋಬರ್ 9ರಿಂದ ಜಾರಿಗೆ ತರಲಾಯಿತು.

ಇಷ್ಟು ಇತಿಹಾಸ ಸಾಕು. ಇದು ನಡೆಯುವ ಬಗೆ ಹೇಗೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ವಿವರಿಸುತ್ತೇನೆ. ಇದು ಯಾವ ಒಂದು ಮನೆಯ ಕಥೆಯೂ ಅಲ್ಲ; ಹೊರನಾಡ ಕನ್ನಡಿಗರ ಹಲವು ಮನೆಗಳಲ್ಲಿ ಕಾಣಬಹುದಾದ ಸಂಗತಿಗಳನ್ನು ಒಟ್ಟುಗೂಡಿಸಿದ್ದು ಅಷ್ಟೇ.

ವರನು ಧಾರವಾಡದ ಕಡೆಯವನು, ನವಿ ಮುಂಬಯಿಯ ಕಂಪನಿಯೊಂದರಲ್ಲಿ ಉದ್ಯೋಗಿ. ವಧು ಶಿವಮೊಗ್ಗೆಯವಳು. ಮದುವೆ ಶಿವಮೊಗ್ಗೆಯಲ್ಲಿ, ಸಂಸಾರ ಡೊಂಬಿವಿಲಿಯಲ್ಲಿ. ಇಬ್ಬರ ಹೆಸರಿನಲ್ಲಿಯೂ ಬ್ಯಾಂಕ್ ಸಾಲ ತೆಗೆದು ಕೊಂಡ ಒಂದು ಫ್ಲ್ಯಾಟ್. ಒಂಬತ್ತು ವರ್ಷದ ಮಗಳು. ಹತ್ತು ವರ್ಷಗಳ ಬಾಳುವೆಯ ಬಳಿಕ ಮನಸ್ಸುಗಳು ಒಡೆದಿವೆ. ಹೊಡೆತ-ಬಡಿತವಿಲ್ಲ, ಮೂರನೆಯವರ ಪ್ರವೇಶವಿಲ್ಲ. ಮಾತು ಮಾತ್ರ ನಿಂತುಹೋಗಿದೆ. ಆಕೆ ಮಗಳೊಂದಿಗೆ ತವರಿಗೆ ಹೋಗಿ ಖಾಸಗಿ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿದ್ದಾಳೆ. ಎರಡು ವರ್ಷ ಸಂದಿದೆ.

ಈಗ ಕಾನೂನಿನ ಜಾಲ ನೋಡಿ. ಹಿಂದೂ ವಿವಾಹ ಅಧಿನಿಯಮದ 19ನೆಯ ಕಲಮಿನಂತೆ ಮದುವೆಯಾದ ಊರಿನಲ್ಲಿ, ಎದುರು ಪಕ್ಷದವರು ವಾಸಿಸುವ ಊರಿನಲ್ಲಿ, ದಂಪತಿಗಳು ಕೊನೆಯದಾಗಿ ಒಟ್ಟಿಗಿದ್ದ ಊರಿನಲ್ಲಿ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯ ನಂತರ, ಅರ್ಜಿದಾರಳು ಹೆಂಡತಿಯಾದರೆ ಆಕೆ ವಾಸಿಸುವ ಊರಿನಲ್ಲಿಯೂ ಹಾಕಬಹುದು. ಆದ್ದರಿಂದ ಅವನು ಕಲ್ಯಾಣದಲ್ಲಿ ವಿಚ್ಛೇದನದ ಅರ್ಜಿ ಹಾಕುತ್ತಾನೆ. ಆಕೆ ಶಿವಮೊಗ್ಗೆಯಲ್ಲಿ ಜೀವನಾಂಶದ ಅರ್ಜಿ ಹಾಕುತ್ತಾಳೆ. ಕಲ್ಯಾಣದ ಪ್ರಕರಣವನ್ನು ಶಿವಮೊಗ್ಗೆಗೆ ವರ್ಗಾಯಿಸಬೇಕೆಂದರೆ, ಎರಡು ರಾಜ್ಯಗಳ ಮಾತಾದ್ದರಿಂದ, ಸರ್ವೋಚ್ಚ ನ್ಯಾಯಾಲಯಕ್ಕೇ ಹೋಗಬೇಕು. ಒಂದೇ ರಾಜ್ಯದಲ್ಲಿ ನೆಲೆಸಿದವರಿಗೆ ಇಲ್ಲದ ಈ ತೊಡಕು ಹೊರನಾಡಿನವರ ಪಾಲಿಗೆ ಸಾಮಾನ್ಯವಾದುದು. ಮೂರು ಊರುಗಳು, ಮೂವರು ವಕೀಲರು, ಪ್ರತಿ ತಾರೀಖಿಗೂ ಒಂದು ರಾತ್ರಿಯ ಪ್ರಯಾಣ, ಒಂದು ದಿನದ ರಜೆ. ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ನಮ್ಮ ಗಾದೆಯ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಇಂಥ ವರ್ಗಾವಣೆಯ ಅರ್ಜಿಗಳು ಬಂದಾಗ ಸರ್ವೋಚ್ಚ ನ್ಯಾಯಾಲಯ ಅನೇಕ ಸಲ ದಂಪತಿಗಳನ್ನು ಮಧ್ಯಸ್ಥಿಕೆಗೆ ಕಳುಹಿಸುವುದುಂಟು. ಕೆಳಗಿನ ನ್ಯಾಯಾಲಯದಿಂದಲೂ ಕಳುಹಿಸಬಹುದು. ಪ್ರಕರಣ ಹೂಡುವ ಮೊದಲೇ ಇಬ್ಬರೂ ಒಪ್ಪಿ ಹೋಗಲೂಬಹುದು. ನ್ಯಾಯಾಲಯದ ಕೇಂದ್ರಗಳಲ್ಲಿ ಪಕ್ಷಗಾರರು ಮಧ್ಯಸ್ಥಗಾರರಿಗೆ ಶುಲ್ಕ ಕೊಡಬೇಕಾಗಿಲ್ಲ. ಮೊದಲ ಸಭೆಯಲ್ಲಿ ಮಧ್ಯಸ್ಥಗಾರರು ನಿಯಮಗಳನ್ನು ವಿವರಿಸುತ್ತಾರೆ. ಮುಖ್ಯವಾದ ನಿಯಮ ಗೌಪ್ಯತೆಯದು. ಇಲ್ಲಿ ಆಡಿದ ಮಾತನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ರಾಜಿಯಾಗದಿದ್ದರೆ ಮಧ್ಯಸ್ಥಗಾರರು ‘ಸಫಲವಾಗಲಿಲ್ಲ’ ಎಂದಷ್ಟೇ ವರದಿ ಕಳುಹಿಸಬೇಕೇ ಹೊರತು, ಯಾರು ಏನು ಹೇಳಿದರು, ಯಾರು ಹಟ ಹಿಡಿದರು ಎಂದು ಬರೆಯಕೂಡದು. ಮೋತಿ ರಾಮ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟವಾಗಿ ಹೇಳಿದೆ. ಅನಂತರ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತು. ಆಮೇಲೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆದು ಮಾತು. ಆ ಪ್ರತ್ಯೇಕ ಮಾತುಕತೆಯಲ್ಲಿ ಹೇಳಿದ್ದನ್ನು ಅನುಮತಿಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವಂತಿಲ್ಲ.

ಕೋಪದಲ್ಲಿ ಬಂದವರ ಬಾಯಿಂದ ಮೊದಲು ಬರುವುದು ಬೇಡಿಕೆ: ‘ಮಗಳು ನನ್ನ ಹತ್ತಿರವೇ ಇರಬೇಕು’, ‘ಒಂದು ಪೈಸೆಯನ್ನೂ ಕೊಡುವುದಿಲ್ಲ’. ಆ ಬೇಡಿಕೆಯ ಹಿಂದಿರುವ ಕಾರಣವನ್ನು ಹೊರತೆಗೆಯುವುದೇ ಮಧ್ಯಸ್ಥಗಾರರ ಜಾಣ್ಮೆ. ತಂದೆಗಿರುವ ಭಯ, ಮಗಳು ತನ್ನನ್ನು ಮರೆತುಬಿಡುತ್ತಾಳೆ ಎಂಬುದು. ತಾಯಿಗಿರುವ ಭಯ, ಹಣವಿದ್ದವನು ಮಗಳನ್ನು ಕಸಿದುಕೊಂಡಾನು ಎಂಬುದು. ಈ ಎರಡು ಭಯಗಳು ಬಾಯಿಬಿಟ್ಟು ಹೊರಬಂದ ಮೇಲೆ ಬೇಡಿಕೆಯ ಬಿಗಿ ಸಡಿಲವಾಗುತ್ತದೆ.

ಸಡಿಲವಾದ ಮೇಲೆ ಒಪ್ಪಂದದ ಕೆಲಸ. ಇಲ್ಲಿ ವಿವರಗಳೇ ಪ್ರಾಣ. ಮಗಳು ತಾಯಿಯೊಂದಿಗೆ ಇರುವುದೆಂದಾದರೆ, ತಂದೆ ತಿಂಗಳಿಗೆ ಯಾವ ವಾರ ಬರುತ್ತಾನೆ, ಎಲ್ಲಿ ಭೇಟಿಯಾಗುತ್ತಾನೆ, ಪ್ರಯಾಣದ ಖರ್ಚು ಯಾರದು, ವಾರಕ್ಕೆ ಎಷ್ಟು ಸಲ ದೂರವಾಣಿಯಲ್ಲಿ ಮುಖ ನೋಡಿ ಮಾತನಾಡುವುದು, ದಸರಾ ರಜೆ ಯಾರ ಮನೆಯಲ್ಲಿ, ಬೇಸಿಗೆ ರಜೆಯನ್ನು ಹೇಗೆ ಹಂಚುವುದು, ಶಾಲೆ ಬದಲಿಸುವಾಗ ಇಬ್ಬರ ಒಪ್ಪಿಗೆ ಬೇಕೇ - ಇವನ್ನೆಲ್ಲ ಬರೆಯಬೇಕು. ಕಾನೂನು ಆಯೋಗವು 2015ರಲ್ಲಿ ತನ್ನ 257ನೆಯ ವರದಿಯಲ್ಲಿ ಜಂಟಿ ಪಾಲನೆಯ ಕಲ್ಪನೆಯನ್ನು ಶಿಫಾರಸು ಮಾಡಿತ್ತು. ಇಲ್ಲಿ ಹೊರನಾಡ ಕನ್ನಡಿಗರಿಗೆ ಒಂದು ಸೂಚನೆಯನ್ನು ಸೇರಿಸಬಯಸುತ್ತೇನೆ. ಮಗುವಿನ ಭಾಷೆಯನ್ನೂ ಒಪ್ಪಂದದಲ್ಲಿ ಸೇರಿಸಿರಿ. ಡೊಂಬಿವಿಲಿಯಲ್ಲಿ ತಂದೆಯೊಡನೆ ಉಳಿಯುವ ಮಗು ಮರಾಠಿ, ಹಿಂದಿ, ಇಂಗ್ಲಿಷ್‌ಗಳ ನಡುವೆ ಬೆಳೆದು, ಶಿವಮೊಗ್ಗೆಯ ಅಜ್ಜಿಯೊಡನೆ ಮಾತನಾಡಲಾರದಂತೆ ಆದರೆ, ಆ ಮಗು ತಾಯಿಯ ಮನೆಯನ್ನು ಎರಡನೆಯ ಬಾರಿ ಕಳೆದುಕೊಂಡಂತೆ. ರಜೆಯಲ್ಲಿ ಅಜ್ಜ-ಅಜ್ಜಿಯರ ಮನೆ, ವಾರಕ್ಕೊಂದು ದಿನ ಸಂಘದ ಕನ್ನಡ ತರಗತಿ ಎಂದು ಬರೆಯುವುದರಿಂದ ಯಾರಿಗೂ ನಷ್ಟವಿಲ್ಲ.

ಹಣದ ಮಾತಿಗೆ ಬರೋಣ. 2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದು ವಿಧಿಸಿತು. ಮಧ್ಯಸ್ಥಿಕೆಯಲ್ಲಿಯೂ ಈ ಪ್ರಾಮಾಣಿಕತೆ ಅತ್ಯಗತ್ಯ. ಬಚ್ಚಿಟ್ಟ ಠೇವಣಿಯ ಮೇಲೆ ಕಟ್ಟಿದ ಒಪ್ಪಂದ ನಿಲ್ಲುವುದಿಲ್ಲ. ಫ್ಲ್ಯಾಟ್ ಅವನಿಗೆ, ಅದರ ಬದಲು ಆಕೆಯ ಪಾಲಿನ ಹಣ ಆಕೆಗೆ ಎಂದು ಬರೆದರೆ ಸಾಲದು. ಜಂಟಿ ಸಾಲದ ವಿಷಯದಲ್ಲಿ ಬ್ಯಾಂಕ್ ಈ ಒಪ್ಪಂದಕ್ಕೆ ಬದ್ಧವಲ್ಲ. ಆಕೆಯ ಹೆಸರನ್ನು ಸಾಲದಿಂದ ಬಿಡಿಸಲು ಬ್ಯಾಂಕಿನ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ತವರಿನಿಂದ ಬಂದ ಒಡವೆ ಸ್ತ್ರೀಧನ. ಅದು ಆಕೆಯದೇ ಸಂಪೂರ್ಣ ಸ್ವತ್ತು ಎಂದು 1985ರಲ್ಲಿಯೇ ಪ್ರತಿಭಾ ರಾಣಿ ಪ್ರಕರಣದಲ್ಲಿ ನಿರ್ಣಯವಾಗಿದೆ. ಅದನ್ನು ಚೌಕಾಶಿಯ ವಸ್ತುವನ್ನಾಗಿ ಮಾಡದೆ, ಪಟ್ಟಿ ಬರೆದು, ತೂಕ ನೋಡಿ, ಸಹಿ ಪಡೆದು ಹಿಂದಿರುಗಿಸುವುದು ಸಭ್ಯತೆ. ಮಗುವಿನ ಜೀವನಾಂಶ ಮಗುವಿನ ಹಕ್ಕು. ಬೇಗ ಬಿಡುಗಡೆ ಸಿಗಲೆಂದು ತಾಯಿ ಅದನ್ನು ಬಿಟ್ಟುಕೊಡುವಂತಿಲ್ಲ.

ನನ್ನ ವೃತ್ತಿಗೆ ಸಂಬಂಧಿಸಿದ ಒಂದೆರಡು ಮಾತು. ನಮ್ಮ ಸಂಘದಲ್ಲಿ ರೈಲ್ವೆ, ಅಂಚೆ, ಆದಾಯ ತೆರಿಗೆ, ರಕ್ಷಣಾ ಲೆಕ್ಕಪತ್ರ ಮುಂತಾದ ಇಲಾಖೆಗಳ ನೌಕರರು ಬಹಳ ಜನ ಇದ್ದೀರಿ. ವಿಚ್ಛೇದನದ ಡಿಕ್ರಿಯಾದ ಬಳಿಕ ಹೆಂಡತಿಗೆ ಕುಟುಂಬ ಪಿಂಚಣಿಯ ಹಕ್ಕು ಇರುವುದಿಲ್ಲ. ಮಕ್ಕಳಿಗೆ, ನಿಯಮಗಳಿಗೆ ಒಳಪಟ್ಟು, ಇರುತ್ತದೆ. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಸೌಲಭ್ಯವೂ ಆಕೆಗೆ ನಿಲ್ಲುತ್ತದೆ. ಐವತ್ತರ ಅಂಚಿನಲ್ಲಿ ಬೇರೆಯಾಗುವ ಗೃಹಿಣಿಗೆ ಇದು ಸಣ್ಣ ನಷ್ಟವಲ್ಲ. ಒಪ್ಪಂದದ ಮೊತ್ತವನ್ನು ನಿರ್ಧರಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅನ್ಯಾಯವಾಗುತ್ತದೆ. ಮತ್ತೊಂದು ಕಡೆ, ಜೀವನಾಂಶದ ಡಿಕ್ರಿಯ ಅಮಲಿನಲ್ಲಿ ಸಂಬಳದ ಮೂರನೆಯ ಒಂದು ಭಾಗಕ್ಕೆ ಮಾತ್ರ ಕಾನೂನಿನ ರಕ್ಷಣೆಯಿದೆ ಎಂಬುದನ್ನು, ‘ನೋಡೋಣ, ಕೋರ್ಟಿಗೆ ಹೋಗಲಿ’ ಎನ್ನುವ ನೌಕರಮಿತ್ರರು ತಿಳಿದಿರುವುದು ಒಳಿತು.

ಒಪ್ಪಂದಕ್ಕೆ ಸಹಿಯಾದ ಮೇಲೆ 13-ಬಿ ಕಲಮಿನಡಿ ಇಬ್ಬರೂ ಜಂಟಿಯಾಗಿ ಅರ್ಜಿ ಹಾಕುತ್ತಾರೆ. ಅದಕ್ಕೆ ಒಂದು ವರ್ಷ ಪ್ರತ್ಯೇಕವಾಗಿ ಬಾಳಿರಬೇಕು. ಮೊದಲ ಅರ್ಜಿಯಿಂದ ಆರು ತಿಂಗಳು ಕಾದು, ಹದಿನೆಂಟು ತಿಂಗಳ ಒಳಗೆ ಎರಡನೆಯ ಬಾರಿ ಹಾಜರಾಗಿ ಸಮ್ಮತಿಯನ್ನು ದೃಢಪಡಿಸಬೇಕು. 2017ರ ಸೆಪ್ಟೆಂಬರ್‌ನಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮೊದಲ ಅರ್ಜಿಗೆ ಮುನ್ನವೇ ಒಂದೂವರೆ ವರ್ಷದ ಪ್ರತ್ಯೇಕವಾಸ ಮುಗಿದು, ಕೂಡಿಸುವ ಯತ್ನಗಳೆಲ್ಲ ವಿಫಲವಾಗಿ, ಜೀವನಾಂಶ ಮತ್ತು ಮಕ್ಕಳ ಪಾಲನೆಯ ವಿಷಯಗಳು ನಿಜವಾಗಿ ಇತ್ಯರ್ಥವಾಗಿದ್ದರೆ, ಆ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಬಿಟ್ಟುಕೊಡಬಹುದೆಂದು ಹೇಳಿತು. ಡಿಕ್ರಿಯಾಗುವವರೆಗೂ ಯಾರಾದರೊಬ್ಬರು ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದೆಂದು 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ನಿರ್ಣಯವಾಗಿರುವುದರಿಂದ, ಹಣವನ್ನು ಕಂತುಗಳಲ್ಲಿ ಕೊಡುವುದು ರೂಢಿಗೆ ಬಂದಿದೆ: ಸಹಿಯ ದಿನ ಒಂದಿಷ್ಟು, ಮೊದಲ ಹಾಜರಿಗೆ ಒಂದಿಷ್ಟು, ಉಳಿದುದು ಕೊನೆಯ ದಿನ.

ಇಷ್ಟು ಹೇಳಿದ ಮೇಲೆ, ಇದರ ಮಿತಿಗಳನ್ನೂ ಹೇಳಬೇಕಾದುದು ನನ್ನ ಕರ್ತವ್ಯ. ಎಲ್ಲಿ ಹೊಡೆತವಿದೆಯೋ, ಬೆದರಿಕೆಯಿದೆಯೋ, ಎಲ್ಲಿ ಹೆಣ್ಣುಮಗಳು ಗಂಡನ ಮುಖ ನೋಡಿದೊಡನೆ ಮಾತು ನುಂಗುತ್ತಾಳೋ, ಅಲ್ಲಿ ಮೇಜಿನ ಎರಡು ಬದಿಗಳು ಸಮವಾಗಿರುವುದಿಲ್ಲ. ಅಂಥ ಕಡೆ ‘ಸೌಹಾರ್ದ’ ಎಂಬ ಮಾತು ಬಲವಂತನ ಆಯುಧವಾಗುತ್ತದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ ಇರುವುದು ಅಂಥ ಹೆಣ್ಣುಮಕ್ಕಳಿಗಾಗಿ. ಮೊದಲು ರಕ್ಷಣೆ, ಆಮೇಲೆ ಮಾತು. ಕ್ರೌರ್ಯದ ಅಪರಾಧವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಿಗೆ ಬಂದಿದೆ. ಹಿಂದಿನ 498-ಎ ಕಲಮಿನ ಹೊಸ ರೂಪವದು. ‘ದೂರು ಹಿಂತೆಗೆದುಕೊಂಡರೆ ಮಾತ್ರ ಒಡವೆ ಕೊಡುತ್ತೇವೆ’ ಎಂಬ ಷರತ್ತನ್ನು ಮಧ್ಯಸ್ಥಿಕೆ ಎಂದು ಕರೆಯಲಾಗದು. ತನಗೆ ಬೇಡವೆನಿಸಿದರೆ ಯಾವ ಹಂತದಲ್ಲಿಯೂ ಎದ್ದುಹೋಗುವ ಸ್ವಾತಂತ್ರ್ಯ ಇಬ್ಬರಿಗೂ ಇರಬೇಕು. ಸಹಿ ಹಾಕುವ ಮುನ್ನ ಸ್ವಂತ ವಕೀಲರಿಗೆ ತೋರಿಸುವ ಅವಕಾಶವೂ ಇರಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಡಿ ಮಹಿಳೆಯರಿಗೆ, ಆದಾಯ ಎಷ್ಟೇ ಇದ್ದರೂ, ಉಚಿತ ಕಾನೂನು ನೆರವಿನ ಹಕ್ಕಿದೆ ಎಂಬುದನ್ನು ನಮ್ಮ ಸೋದರಿಯರು ಅವಶ್ಯವಾಗಿ ತಿಳಿದಿರಬೇಕು.

ಇನ್ನು ಸಂಘದ ಪಾತ್ರ. ಕೆಲವು ಹಿರಿಯರು, ಸಂಘವೇ ಒಂದು ರಾಜಿ ಸಮಿತಿಯನ್ನು ರಚಿಸಬಾರದೇಕೆ ಎಂದು ಕೇಳಬಹುದು. ಅವರ ಕಳಕಳಿಯನ್ನು ಗೌರವಿಸುತ್ತಲೇ, ಬೇಡ ಎನ್ನುತ್ತೇನೆ. ಇಲ್ಲಿ ಎಲ್ಲರಿಗೂ ಎಲ್ಲರೂ ಪರಿಚಿತರು. ಹುಡುಗನ ತಂದೆ ಸಮಿತಿಯ ಹಳೆಯ ಸದಸ್ಯರಾಗಿರುತ್ತಾರೆ. ಹುಡುಗಿಯ ಚಿಕ್ಕಮ್ಮ ಮಹಿಳಾ ವಿಭಾಗದಲ್ಲಿರುತ್ತಾರೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಗುಟ್ಟು ಉಳಿಯುವುದಿಲ್ಲ. ತರಬೇತಿಯೂ ತಟಸ್ಥತೆಯೂ ಇಲ್ಲದ ಸದುದ್ದೇಶ ಅಪಾಯಕಾರಿಯಾಗಬಲ್ಲದು.

ಆದರೆ ಸಂಘವು ಮಾಡಬಹುದಾದ ಕೆಲಸಗಳು ಬೇರೆ ಇವೆ. ಮೊದಲನೆಯದು ಭಾಷೆಯ ನೆರವು. ಮನೆಯ ನೋವನ್ನು ಮನುಷ್ಯ ಹೇಳಿಕೊಳ್ಳುವುದು ತಾಯ್ನುಡಿಯಲ್ಲಿ. ವಿಜಯಪುರದಿಂದ ಮದುವೆಯಾಗಿ ಬಂದು ಕನ್ನಡವೊಂದನ್ನೇ ಚೆನ್ನಾಗಿ ಬಲ್ಲ ಹೆಣ್ಣುಮಗಳು, ಇಲ್ಲಿನ ಸಮಾಲೋಚಕರ ಎದುರು ಅರೆಬರೆ ಹಿಂದಿಯಲ್ಲಿ ತನ್ನ ಹತ್ತು ವರ್ಷದ ಬಾಳನ್ನು ಹೇಳಬೇಕಾಗಿ ಬಂದಾಗ, ಅರ್ಧ ಸಂಗತಿ ಗಂಟಲಲ್ಲಿಯೇ ಉಳಿಯುತ್ತದೆ. ಕನ್ನಡ ಬಲ್ಲ ವಕೀಲರು, ಆಪ್ತಸಲಹೆಗಾರರು, ತರಬೇತಿ ಪಡೆದ ಮಧ್ಯಸ್ಥಗಾರರು ಈ ನಗರದಲ್ಲಿ ಯಾರಿದ್ದಾರೆ ಎಂಬ ಪಟ್ಟಿಯನ್ನು ಸಂಘ ತಯಾರಿಸಿ ಇಡಬಹುದು. ನಮ್ಮ ನಿವೃತ್ತ ಅಧ್ಯಾಪಕರು, ಅಧಿಕಾರಿಗಳು ಮಧ್ಯಸ್ಥಿಕೆಯ ತರಬೇತಿಯನ್ನು ಪಡೆದು ಸೇವೆಗೆ ಮುಂದಾಗಬಹುದು. ಎರಡನೆಯದು ಸ್ಥಳ. ರಜೆಯ ದಿನಗಳಲ್ಲಿ ಮಗುವನ್ನು ನೋಡಲು ಬರುವ ತಂದೆ ಅಥವಾ ತಾಯಿಗೆ ಉಪಾಹಾರ ಗೃಹದ ಮೂಲೆಯೇ ಗತಿಯಾಗಿರುತ್ತದೆ. ನಮ್ಮ ವಾಚನಾಲಯದ ಒಂದು ಕೋಣೆಯನ್ನು ಭಾನುವಾರ ಎರಡು ಗಂಟೆ ಅದಕ್ಕಾಗಿ ಬಿಟ್ಟುಕೊಟ್ಟರೆ, ಆ ಮಗು ಕನ್ನಡ ಪುಸ್ತಕಗಳ ನಡುವೆ ಕುಳಿತು ಅಪ್ಪನೊಡನೆ ಮಾತನಾಡೀತು.

ಮೂರನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಠಿಣ. ಅದು ನಮ್ಮ ನಡವಳಿಕೆ. ಬೇರೆಯಾದ ಗಂಡಸು ಸಂಘದ ನಾಟಕದಲ್ಲಿ ಎಂದಿನಂತೆ ಪಾತ್ರ ವಹಿಸುತ್ತಾನೆ. ಬೇರೆಯಾದ ಹೆಣ್ಣುಮಗಳು ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಕರೆಯಿಲ್ಲದೆ ಮನೆಯಲ್ಲಿ ಉಳಿಯುತ್ತಾಳೆ. ಈ ಕರೆಯದಿರುವಿಕೆಯ ಭಯದಿಂದಲೇ ಎಷ್ಟೋ ತಂದೆ-ತಾಯಿಗಳು ಮಗಳನ್ನು ‘ಹೇಗಾದರೂ ಅಲ್ಲೇ ಇರು’ ಎಂದು ಹಿಂದಕ್ಕೆ ಕಳುಹಿಸುತ್ತಾರೆ. ಎಷ್ಟೋ ಗಂಡಸರು ತಮ್ಮ ಮರ್ಯಾದೆ ಉಳಿಸಿಕೊಳ್ಳಲು ಎಲ್ಲ ತಪ್ಪನ್ನೂ ಹೆಂಡತಿಯ ಮೇಲೆ ಹೊರಿಸುವ ಅರ್ಜಿಯನ್ನು ಬರೆಸುತ್ತಾರೆ. ಬೇರೆಯಾದವರಿಗೆ ಸಮಾಜದಲ್ಲಿ ಜಾಗವಿದೆ ಎಂದು ಖಾತ್ರಿಯಾದರೆ, ಯಾರನ್ನೂ ಅಪರಾಧಿಯೆಂದು ಸಾಬೀತುಪಡಿಸುವ ಅಗತ್ಯ ಅರ್ಧಕ್ಕರ್ಧ ಇಲ್ಲವಾಗುತ್ತದೆ. ಕಾನೂನು ತೆರೆದ ಬಾಗಿಲನ್ನು ನಾವು ಮುಚ್ಚಬಾರದು.

2023ರ ಮೇ 1ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಮತ್ತೆ ಕೂಡಿಸಲಾಗದಷ್ಟು ಮುರಿದ ಮದುವೆಯನ್ನು ಸಂವಿಧಾನದ 142ನೆಯ ಅನುಚ್ಛೇದದ ಅಧಿಕಾರ ಬಳಸಿ ತಾನು ವಿಸರ್ಜಿಸಬಹುದೆಂದು ಹೇಳಿತು. ಆದರೆ ಆ ಅಧಿಕಾರ ಇರುವುದು ಆ ಒಂದು ನ್ಯಾಯಾಲಯಕ್ಕೆ ಮಾತ್ರ. ಸಾಮಾನ್ಯ ದಂಪತಿಗಳು ಅಲ್ಲಿಯವರೆಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಅವರಿಗೆ ಬೇಕಾದುದು ಊರಿಗೆ ಹತ್ತಿರವಾದ ಒಂದು ಕೋಣೆ, ಪಕ್ಷಪಾತವಿಲ್ಲದ ಒಬ್ಬ ಮೂರನೆಯ ವ್ಯಕ್ತಿ, ತಮ್ಮ ಭಾಷೆಯಲ್ಲಿ ಮಾತನಾಡುವ ಅವಕಾಶ, ಮತ್ತು ಹೊರಗೆ ಬಂದಾಗ ಮುಖ ತಿರುಗಿಸದ ನೆರೆಹೊರೆ. ಮೊದಲಿನ ಎರಡನ್ನು ಸರ್ಕಾರವೂ ನ್ಯಾಯಾಲಯಗಳೂ ಒದಗಿಸುತ್ತಿವೆ. ಕೊನೆಯ ಎರಡನ್ನು ಒದಗಿಸಬೇಕಾದವರು ನಾವು. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸ್ಥಾನ ಸಿಗಲಿ ಎಂದು ವಿನಂತಿಸುತ್ತೇನೆ.